ಟಿಕೇಟಿನ ಬೆನ್ನ ಮೇಲಿನ ಬಾಕಿ

ಮುನಿನಾರಾಯಣಪ್ಪನವರು ನಿಂತ ನೆಲ ಸದಾ ಓಡುತ್ತಿರುತ್ತದೆ. ಬೇರೆಯವರಿಗೆ ಅದು ಶಿಡ್ಲಘಟ್ಟ ಬಸ್ ನಿಲ್ದಾಣದ ಗಟ್ಟಿ ಸಿಮೆಂಟು ನೆಲ. ಅವರಿಗೆ ಮಾತ್ರ ತಿರುವಿನಲ್ಲಿ ವಾಲುವ, ಹಳ್ಳಕ್ಕೆ ಬಿದ್ದು ಏಳುವ ಬಸ್ಸಿನ ನಡುಹಾದಿ. ಕಾಲುಗಳೆರಡನ್ನೂ ಅಗಲಿಸಿ, ಸೊಂಟವನ್ನು ಸೀಟಿಗೆ ಆನಿಸಿದವರಂತೆ ಒಂದಿಷ್ಟು ಓರೆಯಾಗಿ, ಎಡಗೈಯನ್ನು ಇಲ್ಲದ ಕಂಬಿಯ ಕಡೆಗೆ ಅರ್ಧ ಎತ್ತಿ ನಿಲ್ಲುವ ಅವರ ಭಂಗಿಯನ್ನು ಕಂಡರೆ, ಇವರು ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿವೃತ್ತರಾಗಿ ಎರಡು ವರ್ಷವಾಯಿತು. ಖಾಕಿ ಕೋಟಿನ ಬಿಲ್ಲೆಯನ್ನು ಕಿತ್ತು ಸಂಸ್ಥೆಗೆ ಒಪ್ಪಿಸಿದರೇ ಹೊರತು ಕೋಟನ್ನು ಬಿಟ್ಟವರಲ್ಲ. ಬೇಸಿಗೆಯಲ್ಲೂ ಅದೇ, ಮೊಮ್ಮಗಳ ನಾಮಕರಣದಲ್ಲೂ ಅದೇ. ಕಿವಿಯ ಸಂದಿಯಲ್ಲಿ ಒಂದು ನೀಲಿ ಪೆನ್ನು.

ಆ ಪೆನ್ನಿಗೊಂದು ಚರಿತ್ರೆಯಿದೆ. ನಮ್ಮ ಕಡೆ ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವಂತೆ, ಕೈಯಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರಾದವನು ಕೊಡಬೇಕಾದ ಬಾಕಿಯನ್ನು ಟಿಕೇಟಿನ ಹಿಂದೆ ಗೀಚಿ, ಅದಕ್ಕೊಂದು ಸುತ್ತು ಹಾಕಿ ಕೊಡುತ್ತಾನೆ. ಸಹಿಯಿಲ್ಲ, ಮೊಹರಿಲ್ಲ, ಆದರೂ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಆ ಗೀಚಿಗಿದ್ದ ಮರ್ಯಾದೆ ದೊಡ್ಡ ದೊಡ್ಡ ಕಾಗದಪತ್ರಗಳಿಗೂ ಇರಲಿಲ್ಲ. ಪ್ರತಿ ನಿಲ್ದಾಣಕ್ಕೆ ಮುಂಚೆ ಮುನಿನಾರಾಯಣಪ್ಪನವರು ಗಂಟಲು ಹರಿದುಕೊಳ್ಳುತ್ತಿದ್ದರು: "ಬಾಕಿ ಚಿಲ್ಲರೆ ಇಸ್ಕೊಂಡು ಇಳೀರಪ್ಪೋ! ಆಮೇಲೆ ನಂಗೆ ಶಾಪ ಹಾಕ್ಬೇಡಿ!"

ಹಾಗೆ ಕೂಗಲು ಮೊದಲುಮಾಡಿದ್ದಕ್ಕೂ ಒಂದು ಕಾರಣವುಂಟು. ಹದಿನಾರು ವರ್ಷದ ಹಿಂದಿನ ಮಾತು. ಕಡಲೆಕಾಯಿ ಬಿಡಿಸುವ ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ತೊಂಡೇಬಾವಿಯ ಹತ್ತಿರ ಇಳಿದಳು. ನೂರರ ನೋಟು ಕೊಟ್ಟಿದ್ದಳು, ಇಪ್ಪತ್ತು ರೂಪಾಯಿ ಟಿಕೇಟು, ಹಿಂದೆ ಎಂಬತ್ತು ಎಂದು ಬರೆದಾಗಿತ್ತು. ಬಸ್ಸು ಹೊರಟಮೇಲೆ ಅವಳಿಗೆ ನೆನಪಾಗಿ, ಟಿಕೇಟನ್ನು ಎತ್ತಿಹಿಡಿದುಕೊಂಡು ಹಿಂದೆ ಓಡಿಬಂದಳು. ಮುನಿನಾರಾಯಣಪ್ಪನವರು ಕಿಟಕಿಯಿಂದ ನೋಡಿದರು. ಬಸ್ಸು ಆಗಲೇ ಇಪ್ಪತ್ತು ನಿಮಿಷ ತಡವಾಗಿತ್ತು, ಡ್ರೈವರು ಗೊಣಗುತ್ತಿದ್ದ. ಕಂಡೂ ಕಂಡೂ ಅವರು ಗಂಟೆಯ ಹಗ್ಗಕ್ಕೆ ಕೈ ಹಾಕಲಿಲ್ಲ. ಅವಳ ಹೆಸರು ಕದಿರಮ್ಮನೆಂದು ಸೀಟಿನಲ್ಲಿದ್ದವರು ಹೇಳಿದರು. ಮಾರನೆಯ ದಿನದಿಂದ ಮೂರು ತಿಂಗಳು ಅದೇ ಜಾಗದಲ್ಲಿ ತಲೆ ಹೊರಗೆ ಹಾಕಿ ಹುಡುಕಿದರು, ಸಿಕ್ಕಲಿಲ್ಲ. ಆ ಎಂಬತ್ತು ರೂಪಾಯಿ ಇವತ್ತಿಗೂ ಕೋಟಿನ ಒಳಜೇಬಿನಲ್ಲಿ ಬೇರೆಯಾಗಿಯೇ ಇದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದಾಗ ಅವರ ಸೇವೆ ಇನ್ನೊಂದು ವರ್ಷ ಬಾಕಿಯಿತ್ತು. ಸೊನ್ನೆ ರೂಪಾಯಿಯ ಟಿಕೇಟಿನ ಹಿಂದೆ ಏನನ್ನು ಬರೆಯುವುದು? ಉಳಿದ ಗಂಡಸರೂ ಫೋನು ತೋರಿಸಿ ಹಣ ಕಟ್ಟತೊಡಗಿದರು. ಪೆನ್ನಿಗೆ ಕೆಲಸ ತಪ್ಪಿತು. ಇನ್ನು ಬಾಕಿಯೆಂಬುದೇ ಲೋಕದಲ್ಲಿ ಇಲ್ಲವಾಯಿತೆಂದು ಪಾಪ ಅವರೂ ನಂಬಿದ್ದರು, ಹೆಂಡತಿ ಸುಬ್ಬಲಕ್ಷ್ಮಮ್ಮನವರ ಫೋನಿನಲ್ಲಿ ಗ್ಯಾಸು ಬುಕ್ ಮಾಡಲು ಕುಳಿತ ದಿನದವರೆಗೆ. ಅದರೊಳಗೆ ಯಾವುದೋ ಆ್ಯಪಿನ ಮೂಲೆಯಲ್ಲಿ ಆಕೆಯದೇ ನಲವತ್ತೇಳು ರೂಪಾಯಿ, ಎರಡು ವರ್ಷದಿಂದ ಯಾರೂ ಕೇಳದೆ ಬಿದ್ದಿತ್ತು.

"ಇದೇನೇ ಇದು, ನಿನ್ ಚಿಲ್ಲರೆ ಇಸ್ಕೊಳ್ದೇನೇ ಇಳ್ದಿದ್ದೀಯ!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಬಂದರಂತೆ.

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಬೆಳಗಾದರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಾಜರು. ರೇಷ್ಮೆಗೂಡು ಮಾರಿ ಬಂದವರು, ಹೂವಿನವರು, ಕಾಲೇಜಿನ ಹುಡುಗಿಯರು, ಯಾರಾದರೂ ಸರಿ, "ಎಲ್ಲಿ, ಫೋನ್ ತೆಗಿಯಪ್ಪ" ಎನ್ನುವುದು. ಎರಡು ಸಲ ಕಟ್ಟಿದ ಕರೆಂಟು ಬಿಲ್ಲು, ರದ್ದಾದ ರೈಲು ಟಿಕೇಟಿನ ಮರುಪಾವತಿ, ಗೊಬ್ಬರ ತರಿಸುವ ಆ್ಯಪಿನಲ್ಲಿ ಮಂಡಿಕಲ್ಲಿನ ರೈತರೊಬ್ಬರು ಮರೆತ ಇನ್ನೂರ ಹನ್ನೆರಡು ರೂಪಾಯಿ, ಒಂದೊಂದನ್ನೂ ಕೆದಕಿ ತೆಗೆದು, ಹಳೆಯ ಕಾಗದದ ಚೂರಿನ ಬೆನ್ನ ಮೇಲೆ ಬರೆದು, ಸುತ್ತು ಹಾಕಿ ಕೈಗಿಡುತ್ತಿದ್ದರು. ಗುಟ್ಟಿನ ನಂಬರು ಒತ್ತುವ ಹೊತ್ತಿಗೆ ಮಾತ್ರ ಮುಖವನ್ನು ಪೂರಾ ಅರಳಿಮರದ ಕಡೆ ತಿರುಗಿಸಿ, "ಒತ್ತಮ್ಮ, ನಾನು ಕಾಗೆ ಎಣಿಸ್ತಿದ್ದೀನಿ" ಎನ್ನುತ್ತಿದ್ದರು. ಒಂದು ಕಾಫಿಯನ್ನೂ ಮುಟ್ಟಿದವರಲ್ಲ. "ಊರೋರ ಫೋನೆಲ್ಲ ಗುಡಿಸಿ ಸಾರ್ಸಿ ಬರ್ತಾರೆ, ಮನೇಲಿ ಒಂದು ಬಲ್ಬು ಹಾಕಕ್ಕೆ ಹೇಳಿ, ಬೆನ್ನು ನೋವು" ಎಂದು ಸುಬ್ಬಲಕ್ಷ್ಮಮ್ಮನವರು ಎದುರಿಗೇ ಹಂಗಿಸುತ್ತಿದ್ದರು.

ರಾಧಾಮಣಿ ಅವರ ಬೆಂಚಿಗೆ ಬಂದದ್ದು ಕಳೆದ ಕಾರ್ತೀಕದಲ್ಲಿ. ಕೈವಾರದ ಹೆಣ್ಣುಮಗಳು, ಮೂವತ್ತೆಂಟು ವರ್ಷ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬೆರಳತುದಿಗಳು ಬಿಳಿಚಿಕೊಂಡಿದ್ದವು. ಒಂಬತ್ತನೆಯ ತರಗತಿಗೆ ಬಿಡಿಸಿದ್ದ ಶಾಲೆಯನ್ನು ಮರೆಯಲಾರದೆ, ಈ ವರ್ಷ ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವಳಿದ್ದಳು. ಶುಲ್ಕ ದಂಡ ಸೇರಿ ಸಾವಿರದ ಎಂಟುನೂರರ ಹತ್ತಿರ. ಕೈವಾರದ ಶಾಲೆಗೇ ಹೋಗಿ ಕಟ್ಟಬೇಕು, ಮಾರನೆಯ ದಿನ ಸಂಜೆ ನಾಲ್ಕೂವರೆಗೆ ಕಡೆಯ ಗಡುವು. ವಾರದ ಕೂಲಿ ಗಂಡ ತಿರುಮಲೇಶನ ಕೈಸೇರಿಯಾಗಿತ್ತು. ಅವನೋ, "ಈ ವಯಸ್ಸಲ್ಲಿ ಪಾಸಾಗಿ ಯಾವ ಆಫೀಸರಮ್ಮ ಆಗ್ಬೇಕು?" ಎಂದು ನಕ್ಕುಬಿಟ್ಟಿದ್ದ. ಅವನನ್ನಾಗಲಿ ಇನ್ನಾರನ್ನಾಗಲಿ ಬೇಡಿ ಕಟ್ಟುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು.

ಫೋನಿನಲ್ಲಿ ಮುನಿನಾರಾಯಣಪ್ಪನವರ ಬೆರಳು ಒಂದು ಕಡೆ ನಿಂತಿತು. ಹಿಂದೆ ಅವಳು ಕೆಲಸಕ್ಕೆ ಬರುತ್ತಿದ್ದುದು ಒಂದು ಖಾಸಗಿ ವ್ಯಾನಿನಲ್ಲಿ. ಅದರ ಆ್ಯಪಿಗೆ ಮುಂಗಡ ತುಂಬಬೇಕಿತ್ತು. ಬಸ್ಸು ಉಚಿತವಾದ ಮರುದಿನವೇ ವ್ಯಾನಿನ ಹೆಂಗಸರೆಲ್ಲ ಖುಷಿಯಾಗಿ ಬಸ್ಸು ಹತ್ತಿದರು, ಒಳಗಿದ್ದ ಮುಂಗಡವನ್ನು ಹಿಂದೆ ತಿರುಗಿಯೂ ನೋಡಲಿಲ್ಲ. ರಾಧಾಮಣಿಯದು ಅರವತ್ತೆರಡು ಟ್ರಿಪ್ಪು, ಮೂವತ್ತರಂತೆ ಸಾವಿರದ ಎಂಟುನೂರ ಅರವತ್ತು ರೂಪಾಯಿ.

"ಅದು ಟ್ರಿಪ್ಪಲ್ವಾ ಸಾರ್? ದುಡ್ಡು ಅಂತ ನಂಗೆ ಹೊಳೀಲೇ ಇಲ್ಲ" ಎಂದಳು.

"ಅದೇ ಕಣಮ್ಮ ಅವ್ರ ಆಟ! ದುಡ್ಡಿಗೆ ವೇಷ ಹಾಕಿಸ್ತಾರೆ. ಟ್ರಿಪ್ಪು ಅಂತಾರೆ, ಕಾಯಿನ್ನು ಅಂತಾರೆ. ನೀನು ಗುರ್ತು ಹಿಡೀಬಾರ್ದು ಅಂತಾನೇ!"

ಮಾರನೆಯ ದಿನ ಹನ್ನೊಂದಕ್ಕೆ ಇಬ್ಬರೂ ಚಿಂತಾಮಣಿಯಲ್ಲಿ ವ್ಯಾನ್ ಕಂಪನಿಯ ಕಚೇರಿಯಲ್ಲಿದ್ದರು. ಈಗದು ಅದೇ ಆ್ಯಪಿನ ಲೆಕ್ಕದಲ್ಲಿ ಶಾಲಾಮಕ್ಕಳ ವ್ಯಾನುಗಳನ್ನು ಓಡಿಸುತ್ತಿತ್ತು. ತಿಂಗಳ ಹಣ ಕಟ್ಟಲು ಬಂದ ತಾಯಿತಂದೆಯರು ಸಾಲಾಗಿ ಕೂತಿದ್ದರು. ಮ್ಯಾನೇಜರು ಜಗನ್, ಇಸ್ತ್ರಿ ಮಡಿಕೆ ಕೆಡದ ಅಂಗಿಯ ವಿನಯವಂತ, ಫೋನು ನೋಡಿ ತಲೆಯಾಡಿಸಿದ.

"ಎಕ್ಸ್‌ಪೈರ್ ಆಗಿದೆ ಸಾರ್. ಒಂದ್ ವರ್ಷ ವ್ಯಾಲಿಡಿಟಿ. ಪಾಲಿಸಿ."

"ಅವಳ ದುಡ್ಡು ನಿಮ್ಮ ಖಾತೇಲಿ ಎಕ್ಸ್‌ಪೈರ್ ಆಯ್ತೇನಪ್ಪ?"

ಜಗನ್ ಫೋನನ್ನು ರಾಧಾಮಣಿಯ ಕಡೆಗೆ ಸರಿಸಿದ.

"ಮೂವತ್ತೊಂದು ವರ್ಷ ಟಿಕೇಟಿನ್ ಹಿಂದೆ ಬರ್ದಿದ್ದೀನಿ. ಒಂದ್ರ ಮೇಲೂ ತಾರೀಕು ಹಾಕ್ಲಿಲ್ಲ" ಎಂದವರೇ ಮುನಿನಾರಾಯಣಪ್ಪನವರು ಕಾಲು ಅಗಲಿಸಿ, ಕೂತವರ ಕಡೆ ತಿರುಗಿ, ತುಂಬಿದ ಬಸ್ಸಿನ ಕಡೆಯ ಸೀಟಿಗೂ ಮುಟ್ಟುವ ದನಿಯಲ್ಲಿ ಕೂಗಿದರು: "ಯಾರ್ರೀ ಬಾಕಿ ಚಿಲ್ಲರೆ? ಈ ಆ್ಯಪಲ್ಲಿ ಯಾರ್ದು ಬಾಕಿ ಇದೆ, ತೆಗೀರಿ ಫೋನು!"

ಮೊದಲು ನಗು. ಆಮೇಲೆ ಒಬ್ಬೊಬ್ಬರೇ ಫೋನು ತೆಗೆದರು. ರಜೆಯಲ್ಲಿ ಓಡದ ವ್ಯಾನಿಗೆ ಕಟ್ಟಿದ್ದ ಹಣ, ಶಾಲೆ ಬಿಟ್ಟ ಮಗುವಿನ ಮುಂಗಡ, ನೂರು, ನಾನೂರು, ಒಂಬೈನೂರು. ಕಿವಿಯ ಪೆನ್ನು ಕೆಳಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಜನರ ಕೈಯಲ್ಲಿ ಹತ್ತೊಂಬತ್ತು ಚೀಟಿ, ಪ್ರತಿಯೊಂದರಲ್ಲೂ ಸುತ್ತು ಹಾಕಿದ ಒಂದು ಸಂಖ್ಯೆ. ಎಲ್ಲರೂ ಮೇಜಿನ ಮುಂದೆ ನಿಂತಿದ್ದರು, ಯಾರೂ ಕದಲಲಿಲ್ಲ.

ಎರಡೂವರೆಗೆ ಜಗನ್ ರಾಧಾಮಣಿಯನ್ನು ಪಕ್ಕಕ್ಕೆ ಕರೆದು, ತನ್ನ ಜೇಬಿನಿಂದಲೇ ನೋಟುಗಳನ್ನು ತೆಗೆದ. "ಅಕ್ಕ, ನಿಮ್ಮದು ತಗೊಳ್ಳಿ. ಇವ್ರನ್ನ ಕರ್ಕೊಂಡು ಹೊರಟುಬಿಡಿ. ಮಿಕ್ಕೋರ ವಿಷ್ಯ ಎತ್ಬೇಡಿ. ನನ್ ಕೆಲ್ಸ ಹೋಗುತ್ತೆ."

ಮುನಿನಾರಾಯಣಪ್ಪನವರಿಗೆ ಅದು ಕೇಳಿಸಿತು. ಗಡಿಯಾರ ನೋಡಿದರು. ಕೈಯಲ್ಲಿದ್ದ ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಹೋಗುವುದಿದ್ದರೆ ಅವಳ ವರ್ಷ ಹೋಗುತ್ತಿತ್ತು, ತಮ್ಮದಲ್ಲ. ಬೇಡವೆನ್ನಲು ತಮಗೇನು ಅಧಿಕಾರ? ತಗೋ ತಾಯಿ ಎಂದೇ ಅವರ ಮನಸ್ಸು ಹೇಳುತ್ತಿತ್ತು.

ರಾಧಾಮಣಿ ನೋಟುಗಳನ್ನು ನೋಡಿದಳು, ಸಾಲಿನಲ್ಲಿ ನಿಂತವರನ್ನು ನೋಡಿದಳು. "ನಿಮ್ ಜೇಬಿನ್ ದುಡ್ಡು ನಂಗ್ಯಾಕಪ್ಪ? ನಂದು ಒಳಗಡೆ ಇದೆ. ಅದನ್ನ ಕೊಡಿ, ಅವರ್ದೂ ಕೊಡಿ. ನಿಮ್ ಓನರ್‌ಗೆ ಫೋನ್ ಮಾಡಿ, ನಾನೇ ಮಾತಾಡ್ತೀನಿ."

ಮಾತಾಡಿದಳು ಕೂಡ. ಏನೆಂದಳೋ, ಹತ್ತೊಂಬತ್ತು ಜನ ಒಂದೇ ಸಲ ಬಾಯಿ ಹಾಕಿದ್ದರಲ್ಲಿ ಯಾರಿಗೂ ಸರಿಯಾಗಿ ಕೇಳಲಿಲ್ಲ. ಮುಂದಿನ ತಿಂಗಳ ಹಣ ಯಾರೂ ಕಟ್ಟುವುದಿಲ್ಲವೆಂಬ ಮಾತು ಮಾತ್ರ ಮಾಲೀಕನಿಗೆ ಚೆನ್ನಾಗಿ ಕೇಳಿಸಿರಬೇಕು. ಮೂರೂ ನಲವತ್ತಕ್ಕೆ ರಾಧಾಮಣಿಯ ಫೋನು ಟಿಣ್ ಎಂದಿತು, ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು.

ಹೊರಗೆ ಕೈವಾರದ ಬಸ್ಸು ಹೊರಡುತ್ತಿತ್ತು. ಅದು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ. ರಾಧಾಮಣಿ ಸೆರಗು ಸಿಕ್ಕಿಸಿಕೊಂಡು, ಫೋನನ್ನು ಎತ್ತಿಹಿಡಿದು ಓಡಿದಳು, ಬಸ್ಸು ಓಡಿತು. ಮುನಿನಾರಾಯಣಪ್ಪನವರಿಗೆ ಏನಾಯಿತೋ, ಅರವತ್ತೆರಡರ ಆ ಮೊಣಕಾಲುಗಳಿಗೆ ಎಲ್ಲಿಂದ ಶಕ್ತಿ ಬಂತೋ, ಅಡ್ಡ ಹಾಯ್ದು ಬಸ್ಸಿನ ಮುಂದೆ ನಡುರಸ್ತೆಯಲ್ಲಿ ಕಾಲು ಅಗಲಿಸಿ ನಿಂತುಬಿಟ್ಟರು. "ಹೋಲ್ಡಾನ್! ಹೆಣ್ಣುಮಗಳು ಓಡಿಬರ್ತಿರೋದು ಕಾಣ್ಸಲ್ವೇನೋ!" ಡ್ರೈವರು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡರು. ಅವಳು ಹತ್ತಿ ಒಳಗೆ ಹೋಗುವವರೆಗೂ ಒಂದು ಹೆಜ್ಜೆ ಸರಿಯಲಿಲ್ಲ. ಆಮೇಲೆ ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ "ರೈಟ್" ಎಂದರು. ನಾಲ್ಕೂ ಇಪ್ಪತ್ತಕ್ಕೆ ಶುಲ್ಕ ಕಟ್ಟಿದ ರಸೀದಿಯ ಚಿತ್ರ ಅವರ ಫೋನಿಗೆ ಬಂತು.

ಇಂಥವರನ್ನು ನಾವು ಚಿಲ್ಲರೆ ಮನುಷ್ಯರೆಂದು ಕರೆಯುತ್ತೇವೆ. ಐದು ಹತ್ತಕ್ಕೆಲ್ಲ ಜಗಳವೇ ಎಂದು ಮೂಗು ಮುರಿಯುತ್ತೇವೆ, ಹೋದರೆ ಹೋಗಲಿ ಬಿಡಿ ಎಂದು ಉದಾರವಾಗಿ ಉಪದೇಶಿಸುತ್ತೇವೆ. ಹಾಗೆ ಬಿಡುವ ಔದಾರ್ಯ ಬಸ್ಸಿನೊಳಗೆ ಕೂತವರಿಗೆ ಸುಲಭ. ಈ ಜಾತಿಯ ಜನ ಎಂದೋ ಒಮ್ಮೆ ಕಿಟಕಿಯಿಂದ ಹಿಂತಿರುಗಿ ನೋಡಿರುತ್ತಾರೆ. ಮರೆತುಹೋದ ಪ್ರತಿಯೊಂದು ರೂಪಾಯಿಯ ಹಿಂದೆಯೂ, ಧೂಳಿನಲ್ಲಿ, ಚೀಟಿ ಎತ್ತಿಹಿಡಿದುಕೊಂಡು ಒಬ್ಬರು ಓಡಿಬರುತ್ತಿರುವುದು ಅವರಿಗೆ ಕಾಣುತ್ತಲೇ ಇರುತ್ತದೆ.