ನೂರಕ್ಕೆ ಎಪ್ಪತ್ತು

ನಾನು ಒಂದು ಕಂಪ್ಯೂಟರ್. ಸರಿಯಾಗಿ ಹೇಳಬೇಕೆಂದರೆ ಮೇಜಿನ ಕೆಳಗಿಡುವ ಕರಿ ತಗಡಿನ ಡಬ್ಬಿ. ಎಲ್ಲರೂ ಮೇಲಿನ ಪರದೆಯನ್ನು ನೋಡುತ್ತಾರೆ, ನನ್ನನ್ನು ಒದೆಯುತ್ತಾರೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನ್ನ ಭಾಗಗಳನ್ನು ಸೇರಿಸಿದರು. ಒಂದು ಸ್ಕ್ರೂ ಕಡಿಮೆ ಬಿತ್ತು. ಅದಿಲ್ಲದೆಯೇ ಬದುಕಿದೆ.

ಆರು ವರ್ಷ ಪಾಲಿಟೆಕ್ನಿಕ್ಕಿನ ಕಚೇರಿಯಲ್ಲಿ ಹಾಜರಾತಿ ಪಟ್ಟಿ ಟೈಪ್ ಮಾಡಿಸಿಕೊಂಡೆ. ಕಚೇರಿಗೆ ಹೊಸದು ಬಂದಾಗ ನನ್ನನ್ನು ಲ್ಯಾಬಿನ ಮೂರನೇ ಮೇಜಿಗೆ ತಳ್ಳಿದರು. ಅಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಹಾಗಾಗಿ ಜನರನ್ನು ಬರಿಗಾಲಿನಿಂದ ಗುರುತಿಸುವುದು ಕಲಿತೆ.

ಡಿಪ್ಲೊಮಾ ಕೊನೆಯ ವರ್ಷದ ದ್ರಾಕ್ಷಾಯಣಿಯ ಕಾಲಿನ ಹೆಬ್ಬೆರಳು ನನ್ನನ್ನು ತಟ್ಟುತ್ತಲೇ ಇರುತ್ತಿತ್ತು. ಜೊತೆಗಾರ ಮೌಲಾಸಾಬ ರಜೆಯಲ್ಲಿ ಗ್ರಾನೈಟ್ ಕ್ವಾರಿಗೆ ಹೋಗುವವನು. ಹಿಮ್ಮಡಿಯ ಬಿರುಕಿನಲ್ಲಿ ಕಲ್ಲಿನ ಧೂಳು. ಅವರ ಪ್ರಾಜೆಕ್ಟೂ ಅಲ್ಲಿಯದೇ: ಲಾರಿ ಎಷ್ಟು ಓರೆಯಾದರೆ ಮೇಲಿನ ಕಲ್ಲು ಜಾರುತ್ತದೆಂದು ಪರದೆಯ ಮೇಲೆ ತೋರಿಸುವುದು. ಶುಕ್ರವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ತೋರಿಸದಿದ್ದರೆ ಇಬ್ಬರಿಗೂ ಒಂದು ವರ್ಷ ಹೋದಂತೆ.

ಬೀಳುವ, ಜಾರುವ, ಡಿಕ್ಕಿ ಹೊಡೆಯುವ ವಸ್ತುಗಳ ಲೆಕ್ಕವನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿದ್ದರು. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಸಿದ್ಧ ರೂಪ ನನ್ನಂಥ ಹಳೆಯ ಯಂತ್ರದಲ್ಲಿ ಓಡಲಿಲ್ಲ. ಮೂಲ ಬರಹ ತಂದು, ಒಂದೊಂದೇ ಕಡತವನ್ನು ನಾನೇ ನನಗೆ ತಿಳಿಯುವಂತೆ ಮಾರ್ಪಡಿಸಿ ಕಟ್ಟಬೇಕಿತ್ತು. ಹತ್ತು ಗಂಟೆಯ ಕೆಲಸ. ಲ್ಯಾಬ್ ತೆರೆದಿರುವುದು ಏಳು ಗಂಟೆ. ಸಂಜೆ ಐದಕ್ಕೆ ಅಟೆಂಡರ್ ನೀಲವ್ವ ಮೇನ್ ಸ್ವಿಚ್ ಇಳಿಸುತ್ತಿದ್ದರು. ಪ್ರಿನ್ಸಿಪಾಲರ ಆದೇಶ.

ಸೋಮವಾರ ಐದಕ್ಕೆ ನೂರಕ್ಕೆ ಎಪ್ಪತ್ತು ಆಗಿತ್ತು. ಮಂಗಳವಾರ ಇಬ್ಬರೂ ಸೀನಿಯರ್ ಒಬ್ಬನ ನೋಟ್‌ಬುಕ್ ತೆರೆದರು. ಮೊದಲ ಸಾಲು: ಹಳೆಯದನ್ನೆಲ್ಲ ಅಳಿಸಿ. ಸೋಮವಾರ ಕಟ್ಟಿದ್ದನ್ನೆಲ್ಲ ಅಳಿಸಿದರು. ಸಂಜೆಗೆ ಮತ್ತೆ ಎಪ್ಪತ್ತು. ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೇ ಮಾಡಿ ಪಾಸಾಗುತ್ತ ಬಂದವರು ಅವರು.

ಬುಧವಾರವೂ ಅಳಿಸಿ ಶುರು ಮಾಡಿದ್ದರು. ನೆಲ ಒರೆಸುತ್ತಿದ್ದ ನೀಲವ್ವ ಪರದೆ ನೋಡಿ ನಿಂತರು.

"ಯವ್ವಾ, ನಿನ್ನೆ ಸಂಜಿಮುಂದ ಎಪ್ಪತ್ತಿತ್ತು. ಇವತ್ತ ಮತ್ತ ಒಂದರಿಂದ ಯಾಕ?"

"ಮೊದ್ಲ ಅಳಸಬೇಕಂತ ಬರದೈತಿ, ಅಕ್ಕಾ," ಎಂದಳು ದ್ರಾಕ್ಷಾಯಣಿ.

"ಯಾರ ಬರದಾರ?"

"ಸೀನಿಯರ್."

"ಅವನ ಮನ್ಯಾಗ ನಿನ್ನೆ ಕಟ್ಟಿದ ಗ್ವಾಡಿ ಕೆಡವಿ ಇವತ್ತ ಮತ್ತ ಕಟ್ತಾರೇನ?"

ಮೌಲಾಸಾಬ ನಕ್ಕ. ತಟ್ಟುತ್ತಿದ್ದ ಹೆಬ್ಬೆರಳು ನಿಂತಿತು.

ಗುರುವಾರ ಅಳಿಸಲಿಲ್ಲ. ಎಪ್ಪತ್ತೊಂದರಿಂದ ಮುಂದುವರಿದೆ, ಮಧ್ಯಾಹ್ನ ಒಂದಕ್ಕೆ ನೂರು ಮುಟ್ಟಿದೆ. ಅದನ್ನು ಅವರ ಪ್ರೋಗ್ರಾಮಿಗೆ ಜೋಡಿಸಲು ಹೋದಾಗ, ಲೈಬ್ರರಿ ಸಿಗುತ್ತಿಲ್ಲ ಎಂದೆ.

"ತಾನ ಕಟ್ಟಿ, ಎಲ್ಲೈತಿ ಅಂತ ನಮ್ಮನ್ನ ಕೇಳ್ತೈತಲ್ಲೋ ಇದು!" ಎಂದು ದ್ರಾಕ್ಷಾಯಣಿ ಒದ್ದಳು.

ನ್ಯಾಯವಾದ ಒದೆ. ಆದರೆ ಹೇಳದ ಜಾಗದಲ್ಲಿ ನಾನು ಹುಡುಕುವುದಿಲ್ಲ. ಮೌಲಾಸಾಬ ಅದಿರುವ ಫೋಲ್ಡರಿನ ದಾರಿ ಬರೆಯುವಲ್ಲಿ ಮೂರು ಸಲ ತಪ್ಪಿದ. ನಾಲ್ಕೂವರೆಗೆ ಪರದೆಯ ಮೇಲೆ ಲಾರಿ ಓರೆಯಾಯಿತು, ಕಲ್ಲು ಜಾರಿತು.

ಶುಕ್ರವಾರ ಬಂದ ಪರೀಕ್ಷಕರು ಕಾಲುಚೀಲ ಹಾಕಿದ್ದರು. "ಇನ್ನೊಮ್ಮೆ ಓಡಿಸ್ರಿ," ಎಂದರು. ಓಡಿಸಿದೆ. ಕಲ್ಲು ಅದೇ ಓರೆಗೆ ಜಾರಿತು. ಇಬ್ಬರೂ ಪಾಸಾದರು. ಮತ್ತೆ ನನ್ನನ್ನು ನೋಡಲು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಹೋಗುವ ಮುನ್ನ ನೋಟ್‌ಬುಕ್ಕಿನ ಮೊದಲ ಸಾಲಿನ ಪಕ್ಕ ದ್ರಾಕ್ಷಾಯಣಿ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: ದಿನಾ ಬ್ಯಾಡ.

ಮುಂದಿನ ಬೇಸಿಗೆಗೆ ನನ್ನ ಮದರ್‌ಬೋರ್ಡ್ ಸುಟ್ಟಿತು. ಹಾರ್ಡ್‌ಡಿಸ್ಕ್ ಕಿತ್ತು ನಾಲ್ಕನೇ ಮೇಜಿನ ಯಂತ್ರಕ್ಕೆ ಹಾಕಿದರು. ನಾವಿಬ್ಬರೂ ಒಂದೇ ದಿನ ಒಂದೇ ಅಂಗಡಿಯಿಂದ ಬಂದವರು. ಹಾಗಾಗಿ ನಾನು ಕಟ್ಟಿದ ಲೈಬ್ರರಿ ಅಲ್ಲೂ ಓಡುತ್ತದೆ. ಈ ವರ್ಷದವರು ಒಂದರಿಂದ ಶುರು ಮಾಡಬೇಕಾಗಿಲ್ಲ.

ನಾನೀಗ ಸ್ಟೋರ್ ರೂಮಿನಲ್ಲಿದ್ದೇನೆ, ಒಳಗೆ ಏನೂ ಇಲ್ಲ. ಮಧ್ಯಾಹ್ನ ನೀಲವ್ವ ಬಂದು ನನ್ನ ತಲೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಉಂಡಾದ ಮೇಲೆ ಸೆರಗಿನಿಂದ ನನ್ನನ್ನು ಒರೆಸುತ್ತಾರೆ. ಹನ್ನೊಂದು ವರ್ಷದಲ್ಲಿ ನನ್ನನ್ನು ಒರೆಸಿದವರು ಅವರೊಬ್ಬರೇ.