ಬಾಯಿ ಕೆಳಗಾದ ಬಾವಿ

ಹಗ್ಗದ ನಾರೊಂದು ಎದ್ದು ಬಿಸಿಲಿಗೆ ಮಿಂಚಿತು, ಹರಿಯುತ್ತದೋ, ಇಲ್ಲ, ಹರಿಯಲಾರದು, ಕೊಪ್ಪದ ಸಂತೆಯಲ್ಲಿ ತಾನೇ ಜಗ್ಗಿ ನೋಡಿ ತಂದದ್ದು — ಚಲುವಯ್ಯ ತಲೆಯೆತ್ತಿದ, ಇಗರ್ಜಿಯ ಗೋಪುರದ ಅರ್ಧಕ್ಕೆ ತೂಗುತ್ತಿದೆ ಕಂಚಿನ ಗಂಟೆ, ಅದರ ಕಪ್ಪು ಬಾಯಿ, ಬಾಯಿ ಕೆಳಗಾದ ಬಾವಿಯ ಹಾಗೆ, ಅತ್ತ ಬೇವಿನ ನೆರಳಲ್ಲಿ ಕುರ್ಚಿಯ ಮೇಲೆ ಕಣ್ಣು ಹೋದ ಫ್ರೆಂಚ್ ಸ್ವಾಮಿಗಳು, ನಾಳೆ ತಮ್ಮ ದೇಶಕ್ಕೆ ಹೊರಟವರು, ಹೋಗುವ ಮುನ್ನ ಒಂದೇ ಒಂದು ಸಲ ನಾದ ಕೇಳಿಸಪ್ಪ ಎಂದವರು, ನನ್ನ ಕಪಿಲೆ ಎತ್ತು ಇರೋವಾಗ ಯಂತ್ರ ಯಾಕೆ ಸ್ವಾಮಿ, ಬಾವಿ ನೀರು ಎಳ್ಯೋವು ಗಂಟೆ ಎಳ್ಯಾಕಿಲ್ವಾ, ಎಂದು ಜಂಬ ಕೊಚ್ಚಿದ್ದು ತಾನೇ, ಈಗ ಎತ್ತುಗಳು ನಿಂತುಬಿಟ್ಟಿವೆ, ಬಾವಿಯ ಆಳ ಎಷ್ಟೋ ಅಷ್ಟೇ ದೂರ ನಡೆದು ನಿಂತಿವೆ, ಗೋಪುರ ಬಾವಿಗಿಂತ ಎತ್ತರವೆಂದು ಅವಕ್ಕೆ ಹೇಳುವವರಾರು, ಕಪಿಲೆಯ ಹಾಡು ಮುಗಿದೊಡನೆ ಹಿಂದೆ ಸರಿಯುವುದೇ ಅವುಗಳ ವಿದ್ಯೆ, ತಾನೇ ಕಲಿಸಿದ್ದು, ಬಲಗಡೆಯ ಎತ್ತು ಕೆಂದನ ಕಾಲು ಆಗಲೇ ಹಿಂದಕ್ಕೆ, ಗಂಟೆ ಒಂದು ಗೇಣು ಜಾರಿತು, ಜನ ಹೋ ಎಂದರು, ಎತ್ತೂ ನಿನ್ನಂಗೇ ಕಣ್ಲಾ ಚಲುವ, ಬಾವಿ ಬುಟ್ರೆ ಲೋಕ ಕಂಡಿಲ್ಲ, ಎಂದಳು ಮುದುಕಿ ಕೆಂಪಾಜಮ್ಮ, ಗೋಪುರದ ಮೇಲಿಂದ ಗಾರೆ ಕೆಲಸದ ರಾಯಪ್ಪ, ಹಾಡು ನಿಲ್ಲುಸ್ಬ್ಯಾಡ ಕಣಣ್ಣೋ — ಆದರೆ ಅದು ನೀರಿನ ಹಾಡು, ನೀರು ಬಂದಲ್ಲಿಗೆ ಮುಗಿಯುವಂಥದ್ದು, ಮುಂದೆ ಪದವಿಲ್ಲ, ನಾಲಗೆ ಒಣಗಿದೆ, ಒಣಗಿದಾಗಲೆಲ್ಲ ಮಜ್ಜಿಗೆ, ಕಪಿಲೆಯ ದಿಬ್ಬದ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಸ್ವಾಮಿಗಳು ಹೇಳುತ್ತಿದ್ದರು, ನಮ್ಮ ಬ್ರೆತಾನ್ ಸೀಮೆಯಲ್ಲೂ ಒಂದು ದೇವಾಲಯ ಉಂಟು ಚಲುವಯ್ಯ, ಎಂಟುನೂರು ವರ್ಷದ್ದು, ಮೊದಲು ಮರದ್ದು, ಸುಟ್ಟುಹೋಯಿತು, ಕಲ್ಲಿನದು ಕಟ್ಟಿದರು, ಸಿಡಿಲು ಬಡಿದು ಶಿಖರ ಬಿತ್ತು, ನೇಕಾರರೂ ಬೆಸ್ತರೂ ಕಲ್ಲು ಹೊತ್ತು ಮತ್ತೆ ಎತ್ತಿದರು, ದಂಗೆಯ ಕಾಲಕ್ಕೆ ಗಂಟೆಗಳನ್ನು ಕರಗಿಸಿ ಫಿರಂಗಿ ಹೊಯ್ಯಲು ಸಿಪಾಯಿಗಳು ಬಂದರೆ ಊರವರು ಒಂದನ್ನು ಬಾವಿಗಿಳಿಸಿ ಬಚ್ಚಿಟ್ಟರು — ಬಾವಿಗಾ ಸ್ವಾಮಿ — ಬಾವಿಗೇ ಕಣಪ್ಪ, ಆಮೇಲೆ ಅದನ್ನು ಮೇಲೆಳೆದದ್ದೂ ಎತ್ತುಗಳೇ — ಬಂತು, ಪದ ಬಂತು, ಚಲುವಯ್ಯನ ಕೊರಳು ಬಿಚ್ಚಿತು, ಮರದ ಗುಡಿಯು ಸುಟ್ಟಿತೋ ಬಸವ, ಕಲ್ಲಿನ ಗುಡಿಯು ಎದ್ದಿತೋ, ಸಿಡಿಲು ಬಡಿದು ಬಿದ್ದಿತೋ ಬಸವ, ಬಿದ್ದದ್ದು ಮತ್ತೆ ಎದ್ದಿತೋ, ಕೆಂದನ ಕಿವಿ ನಿಮಿರುತ್ತದೆ, ಗೊರಸು ಮುಂದಾಗುತ್ತದೆ, ಕಡಲಿನಾಚೆಯ ಕಾಣದ ಊರು ಪಿರಿಯಾಪಟ್ಟಣದ ಕೆಮ್ಮಣ್ಣಿನಲ್ಲಿ ಹೆಜ್ಜೆ ಹೆಜ್ಜೆಗೂ ಎದ್ದು ನಿಲ್ಲುತ್ತಿದೆ, ಬೇಲಿ ದಾಟಿ, ರಾಗಿಯ ಹೊಲ ಹೊಕ್ಕು, ಬಾವಿಯ ಆಳವನ್ನು ಮೀರಿ ನಡೆಯುತ್ತಿವೆ ಎತ್ತುಗಳು, ಸ್ವಾಮಿಗಳು ತಮ್ಮೂರನ್ನು ಕನ್ನಡದಲ್ಲಿ ಕೇಳುತ್ತ ನಗುತ್ತಿದ್ದಾರೆ, ಅಳುತ್ತಿದ್ದಾರೆ, ಸಿಕ್ತು ಕಣಣ್ಣಾ, ತೊಲೆಗೆ ಬಿಗಿದೆ, ಇನ್ ಸಾಕು ಬುಡು, ಎಂದ ರಾಯಪ್ಪ ಗಂಟೆಯ ನಾಲಗೆಯನ್ನು ತೂಗಿ ಬಡಿದ, ಮೊದಲ ನಾದ, ನೀರು, ನೀರು, ಹೊಲದ ಮೇಲೆಲ್ಲ ತುಂಬಿ ತುಳುಕುವ ನೀರು, ಸ್ವಾಮಿಗಳು ಬೊಗಸೆಯೊಡ್ಡಿದ್ದಾರೆ, ಎತ್ತುಗಳು ನಿಂತಿವೆ, ಹಾಡು ನಿಂತಿದೆ, ಮೇಲೆ, ನೀಲಿಯಲ್ಲಿ — ಬಾಯಿ ಕೆಳಗಾದ ಬಾವಿ