ಹೊಸ ಮಾಡೆಲ್ ಬರುವ ತನಕ

ಸಿಂಧನೂರಿನಲ್ಲಿ ಮೊಬೈಲ್ ಕೊಳ್ಳುವವರು ಮೊದಲು ಸುನೀಲನನ್ನು ಕೇಳುತ್ತಿದ್ದರು. ಟಿವಿ ಕೊಳ್ಳುವವರೂ ಕೇಳುತ್ತಿದ್ದರು, ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ಮೇಷ್ಟ್ರೂ ಕೇಳುತ್ತಿದ್ದರು. ಜವಳಗೇರಾದ ರೈತರಿಗೆ ಪಂಪ್‌ಸೆಟ್ ಮನೆಗೆ ಕ್ಯಾಮೆರಾ ಹಾಕಿಸಬೇಕಾದರೂ ಅವನದೇ ಅಪ್ಪಣೆ ಬೇಕು. ಹಾಗಂತ ಅವನೇನು ಅಂಗಡಿಯವನಲ್ಲ, ನೀರಾವರಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್. ಸಂಜೆ ಕಚೇರಿ ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಬಂದ ದಿನವೇ ಇಲ್ಲ. ಬಸ್ ನಿಲ್ದಾಣದ ಹಿಂದೆ ಗೆಳೆಯ ಶಾಕೀರ್‌ನ ಮೊಬೈಲ್ ರಿಪೇರಿ ಅಂಗಡಿ ಇತ್ತು. ಅಲ್ಲಿನ ಸ್ಟೂಲಿನ ಮೇಲೆ ಕೂತು ಜಗಳಕ್ಕೆ ಇಳಿಯುತ್ತಿದ್ದ.

ಜಗಳ ಎಂದರೆ ಕೈ ಕೈ ಮಿಲಾಯಿಸುವುದಲ್ಲ, ಅದಾದರೆ ಬೇಗ ಮುಗಿಯುತ್ತಿತ್ತು. ಯಾವ ಪ್ರೊಸೆಸರ್ ಬಿಸಿಯಾಗುತ್ತದೆ, ಯಾವ ಬ್ಯಾಟರಿ ಉಬ್ಬುತ್ತದೆ, ಕಂಪನಿಯ ಕಂಪ್ಯೂಟರ್ ಮೇಲೋ ಬಿಡಿಭಾಗ ತಂದು ಜೋಡಿಸಿದ್ದು ಮೇಲೋ ಎಂದು ಇಬ್ಬರೂ ಕೊರಳ ನರ ಉಬ್ಬಿಸಿಕೊಂಡು ಕೂಗಾಡುತ್ತಿದ್ದರು. ಶಾಕೀರ್ ರಿಪೇರಿಯವನು, ಅವನ ಕಣ್ಣಿಗೆ ಕಂಪನಿಗಳೆಲ್ಲ ಕಳ್ಳರೇ. ಸುನೀಲನಿಗೆ ಹೊಸದೆಲ್ಲ ಚೆನ್ನ, ಇನ್ನೂ ಬರದೇ ಇರುವುದು ಎಲ್ಲಕ್ಕಿಂತ ಚೆನ್ನ. ಚಹಾ ಕುಡಿಯಲು ಬಂದವರು ಸುತ್ತ ನಿಂತು ಆ ಕಡೆಗೋ ಈ ಕಡೆಗೋ ಸೇರಿಕೊಳ್ಳುತ್ತಿದ್ದರು. ಇದನ್ನೇ ವಿಡಿಯೋ ಮಾಡಿ ಹಾಕತೊಡಗಿದ ಮೇಲೆ ಲಿಂಗಸುಗೂರು, ಮಸ್ಕಿ ಕಡೆಯವರೂ ನೋಡತೊಡಗಿದರು.

ಸುನೀಲನ ಹೆಂಡತಿ ಹುಲಿಗೆಮ್ಮ ಮಸ್ಕಿಯವಳು. ತವರಿಗೆ ಹೋದಾಗ ಯಾರಾದರೂ “ನಿನ್ನ ಗಂಡನ್ನ ಮೊಬೈಲ್‌ದಾಗ ನೋಡಿದ್ವಿ ಬೇ” ಎಂದರೆ ಒಳಗೊಳಗೇ ಉಬ್ಬುತ್ತಿದ್ದಳು. ಉಬ್ಬಬಾರದೇಕೆ? ಗಂಡ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಒಮ್ಮೆ ಅವನ ಮಾತು ಕೇಳದೆ ಅವಳೇ ಅವಸರ ಮಾಡಿ ಮಿಕ್ಸರ್ ತಂದಿದ್ದಳು. ಅದು ಹಬ್ಬದ ದಿನವೇ ಹೊಗೆಯಾಡಿ ಸುಟ್ಟುಹೋಯಿತು. ಆವತ್ತಿನಿಂದ ಯಂತ್ರದ ವಿಷಯದಲ್ಲಿ ಅವನು ಹೇಳಿದ್ದೇ ಮನೆಯಲ್ಲಿ ಕಾನೂನು.

ಅವರ ಮಗಳು ಮೇಘಾಗೆ ಎರಡು ತುಂಬಿದರೂ ಬಾಯಲ್ಲಿ ಮಾತು ಬರಲಿಲ್ಲ. ಅತ್ತೆ ಬಸ್ಸಮ್ಮ, “ಸುನೀಲಾನೂ ತಡಾನ ಮಾತಾಡ್ಯಾನ. ಈಗ ನೋಡು, ಬಾಯಿ ಮುಚ್ಚಂಗಿಲ್ಲ” ಎಂದು ನಕ್ಕಳು. ಹುಲಿಗೆಮ್ಮನಿಗೆ ನಗು ಬರಲಿಲ್ಲ. ಒಂದು ಮಧ್ಯಾಹ್ನ ಆಡುತ್ತಿದ್ದ ಕೂಸಿನ ಬೆನ್ನ ಹಿಂದೆ ನಿಂತು ಊಟದ ತಟ್ಟೆಯನ್ನು ಬೇಕಂತಲೇ ಕೆಳಗೆ ಬಿಟ್ಟಳು. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಕೂಸು ಮಾತ್ರ ತಿರುಗಿ ನೋಡಲಿಲ್ಲ, ತನ್ನ ಪಾಡಿಗೆ ತಾನು ಬಳೆಯ ಚೂರು ಜೋಡಿಸುತ್ತಾ ಕೂತಿತ್ತು. ಹುಲಿಗೆಮ್ಮ ಗಂಡನನ್ನು ಹೊರಡಿಸಿ ಕೂಸನ್ನು ಲಿಂಗಸುಗೂರಿಗೆ ಕರೆದೊಯ್ದಳು.

ಲಿಂಗಸುಗೂರಿಗೆ ವಾರಕ್ಕೊಮ್ಮೆ ಬಂದು ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದವಳು ದೀಪಿಕಾ. ಮಾತು ಕಲಿಸುವುದೂ ಅವಳದೇ ಕೆಲಸ. ಮೇಘಾಳ ಎರಡೂ ಕಿವಿ ನೋಡಿ ಅವಳು ಸುತ್ತು ಬಳಸದೆ ಹೇಳಿದಳು: “ಕಿವಿ ಭಾಳ ಮಂದ ಅದಾವ್ರಿ. ಪೂರಾ ಹೋಗಿಲ್ಲ. ಮಷಿನ್ ಹಾಕ್ರಿ, ದಿನಾ ಮಾತು ಕಲಿಸ್ರಿ, ಎಲ್ಲಾರಂಗ ಮಾತಾಡ್ತಾಳ. ಖರೇ, ಈಗಿಂದೀಗ ಹಾಕ್ಬೇಕು. ಮಾತು ಹಿಡಿಯೋ ವಯಸ್ಸಿದು. ಇದು ದಾಟಿದ್ರ ಆಮ್ಯಾಲೆ ಎಂಥಾ ಮಷಿನ್ ಹಾಕಿದ್ರೂ ಸಪ್ಪಳ ಕೇಳ್ತೈತಿ, ಮಾತು ತಿಳಿಯಂಗಿಲ್ಲ.”

ಸುನೀಲ ಅಲ್ಲೇ ಗಳಗಳ ಅತ್ತ. ಮಗಳ ಮೇಲೆ ಅವನಿಗೆ ಪ್ರಾಣ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅತ್ತು ಮುಗಿಸಿ, ಕಣ್ಣು ಒರೆಸಿಕೊಂಡು ಕೇಳಿದ: “ಎಷ್ಟು ಚಾನೆಲ್‌ದು ಮಷಿನ್ ಹಾಕ್ಬೇಕ್ರಿ ಮೇಡಂ?”

ಅಲ್ಲಿಂದ ಶುರುವಾಯಿತು. ಮಗಳ ಕಿವಿ ಶಾಕೀರ್‌ನ ಅಂಗಡಿಗೆ ಬಂತು. ಶಾಕೀರ್ ಹೇಳಿದ: “ಕಿವಿ ಮಷಿನ್ ಅನ್ನೋದು ಲೂಟಿ ಭಾಯ್. ಅದ ಮೈಕು, ಅದ ಸ್ಪೀಕರ್. ಚಲೋ ಇಯರ್‌ಬಡ್ಸಿಗೆ ಒಂದು ಆ್ಯಪ್ ಹಾಕಿಬಿಡು, ಕಿಸ್ಸಾ ಖತಂ.” ಸುನೀಲ ಸ್ಟೂಲಿನಿಂದ ಎದ್ದೇ ಬಿಟ್ಟ. “ಲೇ, ನನ್ನ ಮಗಳೇನು ಹಾಡು ಕೇಳಾಕ ಕುಂತಾಳೇನು? ಒಳಗ ಮಾತು ಬ್ಯಾರೆ, ಗದ್ದಲ ಬ್ಯಾರೆ ಮಾಡೋ ಚಿಪ್ ಇರ್ಬೇಕು. ನಿನಗೇನು ಗೊತ್ತೈತಿ?” ಒಬ್ಬ ಜರ್ಮನಿಯದು ಎಂದ, ಮತ್ತೊಬ್ಬ ಡೆನ್ಮಾರ್ಕಿನದು ಎಂದ. ಸೆಲ್ ಹಾಕುವುದೋ ಚಾರ್ಜ್ ಮಾಡುವುದೋ, ನಮ್ಮ ಕಡೆಯ ಬಿಸಿಲಿಗೆ ಬೆವರು ಒಳಗಿಳಿದರೆ ಏನು ಗತಿ ಎಂದೆಲ್ಲ ವಾದ ಬೆಳೆಯಿತು. ಕೂಸಿನ ಕಿವಿಯ ವಿಷಯ ಹಿಡಿದುಕೊಂಡು ಯಾವ ಊರಿನ ಗಂಡಸರಾದರೂ ಇಷ್ಟು ಕೂಗಾಡಿದ್ದಾರೋ ಇಲ್ಲವೋ! ಕೂಗಾಟದ ನಡುವೆ ಮೇಘಾ ಒಮ್ಮೊಮ್ಮೆ ಅಪ್ಪನ ಕಾಲ ಬಳಿ ಕೂತು ಇಬ್ಬರ ಬಾಯನ್ನೂ ಬೆರಗಿನಿಂದ ನೋಡುತ್ತಿದ್ದಳು.

ಹುಲಿಗೆಮ್ಮ ಕಾದು ಕಾದು ಸೋತಳು. ಲಿಂಗಸುಗೂರಿನಲ್ಲಿ ಮಕ್ಕಳಿಗೆ ಪುಕ್ಕಟೆ ಮಷಿನ್ ಕೊಡುವ ಶಿಬಿರ ನಡೆಯುತ್ತದೆಂದು ತವರಿನಲ್ಲಿ ಕೇಳಿದವಳೇ, ಗಂಡನಿಗೆ ಹೇಳದೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮಸ್ಕಿಯಿಂದ ಬಸ್ಸು ಹತ್ತಿದಳು. ದಿನವಿಡೀ ಸಾಲಿನಲ್ಲಿ ನಿಂತು ಒಂದು ಮಷಿನ್ ತಂದಳು. ಕಿವಿಯ ಹಿಂದೆ ಸಿಗಿಸುವಂಥದ್ದು. ಬೂದು ಬಣ್ಣ, ತುಸು ದಪ್ಪ, ನೋಡಲು ಏನೇನೂ ಚೆಂದವಿಲ್ಲ.

ಆದರೆ ಕೂಸು ತಿರುಗಿತು. ಕುಕ್ಕರ್ ಕೂಗಿದಾಗ ತಿರುಗಿತು, ಓಣಿಯಲ್ಲಿ ನಾಯಿ ಬೊಗಳಿದಾಗ ಬಾಗಿಲಿಗೆ ಓಡಿತು. ಹುಲಿಗೆಮ್ಮ ದಿನವೆಲ್ಲ ಅದರ ಎದುರು ಕೂತು ಅವ್ವ, ನೀರು, ಬಾ, ರೊಟ್ಟಿ ಎಂದು ಹೇಳಿದ್ದನ್ನೇ ಹೇಳಿದಳು. ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ಸೆರಗು ಜಗ್ಗಿ ಮೇಘಾ “ವ್ವ” ಎಂದಳು. ಮತ್ತೆ “ವ್ವ” ಎಂದಳು. ಹುಲಿಗೆಮ್ಮ ಹಿಟ್ಟಿನ ಕೈಯಲ್ಲೇ ಮಗಳನ್ನು ಅಪ್ಪಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು. ಬಸ್ಸಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು.

ಸುನೀಲನೂ ಮಗಳನ್ನು ಎತ್ತಿ ಕುಣಿದ. ಆದರೆ ಅವನಿಗೊಂದು ತುರಿಕೆ ಉಳಿದೇ ಇತ್ತು. ಆ ಮಷಿನ್ ತೆಗೆದು ತನ್ನ ಕಿವಿಗೆ ಹಿಡಿದು ಮುಖ ಸಿಂಡರಿಸಿದ. “ಬುಸ್ ಅಂತೈತಿ ಇದು. ಹಳೇ ಚಿಪ್. ಸರ್ಕಾರದೋರು ಯಾರದೋ ಗೋದಾಮಿನ ಮಾಲು ಹಂಚ್ಯಾರ.”

“ಹಳೇದಿದ್ರ ಇರ್ಲಿ ಬಿಡ್ರಿ. ಕೂಸು ಅವ್ವ ಅನ್ನಾಕತ್ತೈತಲ್ಲ” ಎಂದಳು ಹುಲಿಗೆಮ್ಮ.

ಭಾನುವಾರ ಅವಳು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಕೂಸು ಮಲಗಿತ್ತು. ಸುನೀಲ ಮಷಿನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಶಾಕೀರ್‌ನ ಅಂಗಡಿಗೆ ಹೋದ. ಒಳಗಿನ ಚಿಪ್ ಹತ್ತು ವರ್ಷ ಹಳೆಯದೆಂದು ಅವನ ವಾದ. ಚಿಪ್ಪೇ ಇಲ್ಲ, ಬರೀ ಮೈಕು ಮತ್ತು ಸ್ಪೀಕರ್ ಎಂದು ಶಾಕೀರ್‌ನ ವಾದ. ನೆರೆದವರು ಬಿಚ್ಚಿ ನೋಡಿಯೇ ಬಿಡಿ ಎಂದರು. ಮೊಬೈಲನ್ನು ಸ್ಟ್ಯಾಂಡಿಗೆ ಹಚ್ಚಿ ವಿಡಿಯೋ ಶುರು ಮಾಡಿದರು. ಶಾಕೀರ್ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡ. ಎಂಥೆಂಥ ಮೊಬೈಲುಗಳನ್ನು ಬಿಚ್ಚಿ ಜೋಡಿಸಿದ ಕೈ ಅದು! ಇದು ಮೊಬೈಲ್ ಆಗಿರಲಿಲ್ಲ. ಮುಚ್ಚಳ ಮೇಲೆದ್ದಾಗ ಕೂದಲಿಗಿಂತ ಸಣ್ಣ ತಂತಿಯೊಂದು ಜೊತೆಗೇ ಕಿತ್ತು ಬಂತು. ಒಳಗೆ ಚಿಪ್ ಇತ್ತು. ಸುನೀಲ ಗೆದ್ದ. ಜನ ಸೀಟಿ ಹೊಡೆದರು. ಮತ್ತೆ ಜೋಡಿಸಿದಾಗ ಮಷಿನ್ ಸತ್ತಿತ್ತು.

ಹುಲಿಗೆಮ್ಮ ಆವತ್ತು ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿ, “ಹೋಗ್ಲಿ ಬಿಡು, ಪೀಡಾ ಹೋತು. ನಾನ ಚಲೋದು ತರ್ತೀನಿ. ನನ್ನ ಮಗಳಿಗೆ ಎಲ್ಲಾಕ್ಕಿಂತ ಚಲೋದು” ಎಂದ. ಕಣ್ಣಲ್ಲಿ ನೀರು ತಂದು ಹೇಳಿದ, ಮನಸ್ಸಿಟ್ಟೇ ಹೇಳಿದ. ಮೇಘಾ ಸತ್ತ ಮಷಿನನ್ನು ತಾನೇ ತಂದು ಅವ್ವನ ಕೈಗೆ ಕೊಟ್ಟು, ಕೂದಲು ಸರಿಸಿ ಕಿವಿ ಒಡ್ಡುತ್ತಿದ್ದಳು. ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನೆ ಕಾದು, ತೆಗೆದು, ಮತ್ತೆ ಕೊಡುತ್ತಿದ್ದಳು. ಆ ವಿಡಿಯೋ ಮಾತ್ರ ಮೂರು ತಾಲೂಕಿನ ಜನ ನೋಡಿದರು. ಯಾರ ವಾದ ಸರಿ ಎಂದು ಕೆಳಗೆ ಬರೆದು ಬರೆದು ಕಚ್ಚಾಡಿದರು.

ಶಿಬಿರದವರನ್ನು ಕೇಳಿದರೆ, ಒಮ್ಮೆ ಕೊಟ್ಟವರಿಗೆ ಇಷ್ಟು ಬೇಗ ಮತ್ತೆ ಕೊಡಲು ಬರುವುದಿಲ್ಲ ಎಂದರು. ಇತ್ತ ಸುನೀಲ ಎಲ್ಲಕ್ಕಿಂತ ಚೆನ್ನಾದದ್ದನ್ನು ಹುಡುಕುತ್ತಿದ್ದ. ಒಂದನ್ನು ಗೊತ್ತು ಮಾಡಿಕೊಂಡ. ತರಲು ಹೊರಟವನು ದಾರಿಯಲ್ಲಿ ಶಾಕೀರ್‌ನ ಅಂಗಡಿಯ ಮುಂದೆ ನಿಂತ. “ಈಗ ತಗೊಂಡ್ರ ಹುಚ್ಚ ನೀ. ದೀಪಾವಳಿಗೆ ಹೊಸ ಮಾಡೆಲ್ ಬರ್ತೈತಿ” ಎಂದ ಶಾಕೀರ್. ದೀಪಾವಳಿಗೆ ಬಂತು. ಬಂದದ್ದರಲ್ಲಿ ಬ್ಯಾಟರಿ ನಿಲ್ಲುವುದಿಲ್ಲವೆಂದು ಯಾರೋ ಬರೆದಿದ್ದರು, ಸರಿಪಡಿಸಿದ್ದು ಯುಗಾದಿಗೆ ಬರುತ್ತದಂತೆ. ಯುಗಾದಿಯ ಹೊತ್ತಿಗೆ ಬೇರೊಂದು ಕಂಪನಿಯ ಸುದ್ದಿ. ಹೀಗೇ ವರ್ಷದ ಮೇಲೆ ವರ್ಷ ಕಳೆಯಿತು. ಫೋನಿಗೆ ಕಾಯಬಹುದು, ಟಿವಿಗೆ ಕಾಯಬಹುದು, ಕಾದವರು ಜಾಣರು ಅನ್ನಿಸಿಕೊಳ್ಳುತ್ತಾರೆ. ಕೂಸು ಕಾಯುತ್ತದೆಯೇ? ಅದು ಬೆಳೆಯುತ್ತಿತ್ತು. “ವ್ವ” ಎನ್ನುವುದು ಮೊದಲು ಸಣ್ಣದಾಯಿತು, ಆಮೇಲೆ ಬರೀ ತುಟಿಯಾಯಿತು, ಆಮೇಲೆ ಅದೂ ನಿಂತಿತು.

“ಹಳೇದಾದ್ರೂ ತರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಾರ ಹಾಕಿ ಬಿಟ್ಟಿದ್ದಾದ್ರೂ ತರ್ರಿ” ಎಂದು ಹುಲಿಗೆಮ್ಮ ಒಂದು ದಿನ ಕೈ ಮುಗಿದಳು.

“ನೀ ಹಿಂಗ ಅವಸರ ಮಾಡಿ ಮಿಕ್ಸರ್ ತಂದಿದ್ದಿ. ಏನಾತು?” ಎಂದ ಸುನೀಲ.

ಅವಳು ಮುಗಿದ ಕೈ ಇಳಿಸಿದಳು. ಮಿಕ್ಸರ್ ಸುಟ್ಟದ್ದು ನಿಜವೇ ತಾನೆ? ಒಂದು ಮಿಕ್ಸರಿನ ಮಾತಿಗೆ ಸೋತು ಸುಮ್ಮನಾದೆನಲ್ಲ ಎಂದು ಆಮೇಲೆ ಎಷ್ಟು ಸಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳೋ.

ಆರನೆಯ ವಯಸ್ಸಿಗೆ ಮೇಘಾಳನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಮೇಷ್ಟ್ರು ಹೆಸರು ಕೇಳಿದರು. ಹುಡುಗಿ ಅವರ ಬಾಯಿ ನೋಡಿ ನಕ್ಕಿತು. ಮತ್ತೆ ಕೇಳಿದರು, ಮತ್ತೆ ನಕ್ಕಿತು. ಹಿಂದೆ ನಿಂತ ಮಕ್ಕಳೂ ನಕ್ಕರು. ಸುನೀಲನ ಮುಖ ಸುಣ್ಣವಾಯಿತು. ಆ ವಾರವೇ ಹೈದರಾಬಾದಿಗೆ ಹೋಗಿ ಎರಡೂ ಕಿವಿಗೆ ಮಷಿನ್ ತಂದ. ಹುಣಸೆ ಬೀಜದಷ್ಟು ಚಿಕ್ಕವು, ಹೊಳೆಯುವಂಥವು. ಶಾಕೀರ್ ಕೈಯಲ್ಲಿ ಹಿಡಿದು ನೋಡಿ, “ಮಾಲು ಅಂದ್ರ ಇದಪಾ” ಎಂದು ಮೊದಲ ಸಲ ಸೋಲು ಒಪ್ಪಿಕೊಂಡ.

ದೀಪಿಕಾ ಅವನ್ನು ಹೊಂದಿಸಿ ಕೊಟ್ಟಳು, ವಾರ ವಾರ ಪಾಠ ಹೇಳಿದಳು. ವರ್ಷ ಉರುಳುತ್ತಾ ಬಂತು. ಒಂದು ದಿನ ಪಾಠದ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು, ಮೇಘಾಳ ಹಿಂದೆ ನಿಂತು ಡೋಲು ಬಡಿದಳು. ಹುಡುಗಿ ತಿರುಗಿದಳು. ಬಾಗಿಲು ತಟ್ಟಿದರೂ ತಿರುಗಿದಳು. “ಮೇಘಾ” ಎಂದು ಕರೆದರೂ ತಿರುಗಿದಳು. ಸುನೀಲನ ಮುಖ ಅರಳಿತು. “ನೋಡ್ರಿ, ಎಲ್ಲಾ ಕೇಳಾಕತ್ತೈತಿ!”

“ಕೇಳಾಕತ್ತೈತ್ರಿ” ಎಂದಳು ದೀಪಿಕಾ. “ಆದ್ರ ಆಕಿಗೆ ಎಲ್ಲಾ ಒಂದ. ಡೋಲು, ಬಾಗಲಾ, ಆಕಿ ಹೆಸರು, ಎಲ್ಲಾ ಬರೇ ಸಪ್ಪಳ. ಇದು ಮಾತು ಅಂತ ಆಕಿಗೆ ಗುರ್ತು ಹತ್ತವಲ್ದು.”

“ಸೆಟ್ಟಿಂಗ್ ಬದಲಿ ಮಾಡಿದ್ರ? ಸಾಫ್ಟ್‌ವೇರ್ ಅಪ್ಡೇಟ್ ಬಂದೈತಂತ. ಇಲ್ಲಾ ಬ್ಯಾರೆ ಮಾಡೆಲ್...”

“ಮಷಿನ್ ಚಲೋ ಐತ್ರಿ ಸರ. ಇದರ ಮ್ಯಾಲಿಲ್ಲ.” ದೀಪಿಕಾ ಡೋಲನ್ನು ಮೂಲೆಗಿಟ್ಟು ಅವರ ಎದುರು ಕೂತಳು. “ವಯಸ್ಸು ಹೋತ್ರಿ. ಆ ಕ್ಯಾಂಪಿನ ಮಷಿನ್ ಕಿವ್ಯಾಗ ಉಳಿದಿದ್ರ ಇಷ್ಟೊತ್ತಿಗೆ ಕಥಿ ಹೇಳತಿದ್ಲು. ಇನ್ನ ನಾಕಾರು ಮಾತು ಬಂದ್ರ ಬಂದಾವು. ಬಾಯಿ ಮಾತಿನ ಆಸೆ ಹಿಡ್ಕೊಂಡು ಆಕಿನ್ನ ಸಾಯಿಸಬ್ಯಾಡ್ರಿ. ಕೈಸನ್ನಿ ಕಲಿಸೋ ಸಾಲಿ ಅದಾವು, ಹಾಕ್ರಿ. ಜಾಣ ಐತಿ ಹುಡುಗಿ, ಕಲಿತೈತಿ.”

ಸುನೀಲನಿಗೆ ವಾದಿಸಲು ಏನೂ ಉಳಿದಿರಲಿಲ್ಲ. ಹುಲಿಗೆಮ್ಮ ಅಳಲಿಲ್ಲ. ಅವಳೊಳಗೆ ಏನೋ ಬಹಳ ದಿನದಿಂದ ಸಾಯುತ್ತಾ ಬಂದಿತ್ತು, ಇವತ್ತು ಅದರ ಉಸಿರು ನಿಂತಿತು, ಅಷ್ಟೇ.

ಊರಿಗೆ ಹೋಗುವ ಬಸ್ಸಿನಲ್ಲಿ ಮಗಳನ್ನು ನಡುವೆ ಕೂಡಿಸಿಕೊಂಡು ಇಬ್ಬರೂ ಕೂತರು. ಬಸ್ಸು ಮಸ್ಕಿಯಲ್ಲಿ ನಿಂತಿತು. ಶೇಂಗಾ ಮಾರುವವರ ಕೂಗು, ಕಂಡಕ್ಟರನ ಸೀಟಿ, ಹಿಂದಿನ ಲಾರಿಯ ಹಾರ್ನು. ಮೇಘಾ ಪ್ರತಿ ಸದ್ದಿಗೂ ಆ ಕಡೆ ಈ ಕಡೆ ತಿರುಗಿ, ಇದೇನು ಎಂದು ಅವ್ವನ ಮುಖ ನೋಡುತ್ತಿದ್ದಳು. ರೂಢಿಯ ಬಲದಿಂದ ಹುಲಿಗೆಮ್ಮ ಅವಳ ಗಲ್ಲ ಹಿಡಿದು “ಬಸ್ಸು” ಎಂದಳು. ಹುಡುಗಿ ಅವ್ವನ ತುಟಿ ನೋಡಿ, ಖುಷಿಯಿಂದ ಬಾಯಿ ಅಗಲಿಸಿ “ಆ” ಎಂದಳು.

ಹುಲಿಗೆಮ್ಮ ಗಲ್ಲ ಬಿಟ್ಟು ಕಿಟಕಿಯ ಕಡೆ ತಿರುಗಿದಳು.

“ಇನ್ನೊಮ್ಮೆ ಹೇಳು” ಎಂದ ಸುನೀಲ. “ಹುಲಿಗೆವ್ವಾ, ಇನ್ನೊಮ್ಮೆ ಹೇಳು. ಅಂತಾಳ ಆಕಿ.”

“ನೀವ ಹೇಳ್ರಿ” ಎಂದಳು ಅವಳು, ತಿರುಗದೆ. “ಮಾತಿನಾಗ ನಿಮ್ಮನ್ನ ಗೆದ್ದೋರು ಯಾರದಾರ?”

ಸುನೀಲ ಮಗಳ ಕಿವಿಗೆ ಬಾಯಿ ಹತ್ತಿರ ತಂದು “ಬಸ್ಸು” ಎಂದ. ಅವಳು “ಆ” ಎಂದಳು. ಅಪ್ಪನ ಕಣ್ಣಲ್ಲಿ ನೀರು ಕಂಡು ಅದನ್ನು ಅಂಗೈಯಿಂದ ಒರೆಸಿ, ಮತ್ತೆ ಅವನ ಬಾಯಿ ನೋಡತೊಡಗಿದಳು. ಸಿಂಧನೂರು ಮುಟ್ಟುವ ತನಕ ಅವನು ಆ ಒಂದೇ ಮಾತು ಹೇಳುತ್ತಾ ಕೂತ. ಮೇಘಾ ಪ್ರತಿ ಸಲವೂ ನಗುತ್ತಾ “ಆ” ಎನ್ನುತ್ತಿದ್ದಳು.